ನೂರು ಗ್ರೇನಿನ ಡಬ್ಬಿ

ಕಾರಿನ ಗ್ಲೋವ್ ಬಾಕ್ಸಿನ ಮುಚ್ಚಳ ಮೂರನೆಯ ಸಲವೂ ಕಚ್ಚಿಕೊಳ್ಳಲಿಲ್ಲ. ಎಲಿಯಾಸ್ ಅಂಗೈಯಿಂದ ಗುದ್ದಿದ, ಮೊಣಕಾಲಿನಿಂದ ಒತ್ತಿದ. ಒಳಗಿದ್ದ ಹಸಿರು ರಟ್ಟಿನ ಡಬ್ಬಿ ಇಪ್ಪತ್ತು ಕಾಡತೂಸು ಹಿಡಿಯುವಷ್ಟೇ ದೊಡ್ಡದು. ಆದರೂ ಎರಡು ದಿನದಿಂದ ಅದನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿಟ್ಟರೆ ಧಣಿ ಕಫೀಲ್ ಲೆಕ್ಕ ಕೇಳುತ್ತಾನೆ, ಮನೆಯಲ್ಲಿಟ್ಟರೆ ಹೆಂಡತಿ ರಂಪ ಮಾಡುತ್ತಾಳೆ, ಕಾರಿನಲ್ಲಿಟ್ಟರೆ ಪೊಲೀಸರು. ಕಾಗದವಿಲ್ಲದೆ ಕಾಡತೂಸು ಸಾಗಿಸುವವನಿಗೆ ಮಸ್ಕತ್ತಿನಲ್ಲಿ ಎಂಥ ಉಪಚಾರ ಸಿಗುತ್ತದೆಂದು ಬಂದೂಕಿನ ಅಂಗಡಿಯಲ್ಲೇ ದುಡಿಯುವ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಲಿಯಾಸಣ್ಣ, ಕಾರಿನೊಳಗೆ ಕೂತು ಎಂತ ಮಾಡ್ತಾ ಇದ್ದೀರಿ? ಮೇಲೆ ಪೆಟ್ಟಿಗೆ ಹಿಡೀಲಿಕ್ಕೆ ಜನ ಇಲ್ಲ ಮಾರಾಯ್ರೆ!"

ಉಮ್ಮರ್ ಪಿಕಪ್ಪಿನ ಹಿಂದಿನ ಹಲಗೆ ಇಳಿಸುತ್ತಾ ಕೂಗಿದ. ಎಲಿಯಾಸನ ಅಂಗಡಿಯ ಹಿರಿಯ, ಸತ್ತ ಸಿಪ್ರಿಯನ್ನರ ಮನೆಯ ಕೆಳಗೇ ಉಮ್ಮರನ ಗ್ಯಾರೇಜು. ಇವತ್ತು ಶಟರ್ ಎಳೆದು, ಪಿಕಪ್ಪನ್ನು ಎರಡು ಸಲ ತೊಳೆದು ನಿಲ್ಲಿಸಿದ್ದ.

ಎಲಿಯಾಸ್ ಡಬ್ಬಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಮೆಟ್ಟಿಲು ಹತ್ತಿದ. ಮೇ ತಿಂಗಳ ಬಿಸಿಲಲ್ಲಿ, ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ ಕೋಟು ಹಾಕುವವನು ಹುಚ್ಚನೇ ಇರಬೇಕು. ಆದರೆ ಸಾವಿನ ಮನೆಗೆ ಬೇರೆ ಹೇಗೆ ಹೋಗುವುದು?

ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಸ್ಪತ್ರೆಯ ಶೈತ್ಯಾಗಾರದಿಂದ ತಂದ ಸಿಪ್ರಿಯನ್ನರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಆರಡಿ ಎತ್ತರದ ಮನುಷ್ಯ, ಪೆಟ್ಟಿಗೆಯಲ್ಲಿ ಇನ್ನೂ ಉದ್ದ ಕಾಣುತ್ತಿದ್ದರು. ಊರಿಗೆ ಕಳಿಸುವ ಕಾಗದಪತ್ರಕ್ಕೆ ಹತ್ತು ದಿನ ಬೇಕು ಎಂದಾಗ ಅವರ ಹೆಂಡತಿ ಬೀಟ್ರಿಸ್, "ಹತ್ತು ದಿನ ಐಸಿನಲ್ಲಿ ಇಡುದು ಬೇಡ, ಇಲ್ಲೇ ಮಣ್ಣು ಮಾಡುವ" ಎಂದುಬಿಟ್ಟಿದ್ದಳು. ಅಂಗಡಿಯೆದುರು ಓಡುತ್ತಾ ಕುಸಿದು ಸತ್ತ ಗಂಡನ ಬಗ್ಗೆ ಆಮೇಲೆ ಅವಳು ಆಡುತ್ತಿದ್ದುದು ಒಂದೇ ಮಾತು.

"ಅವರು ಯಾಕೆ ಓಡಿದ್ದು?"

"ಯಾರೋ ಕದ್ದಿರ್ಬೇಕು ಬೀಟ್ರಿಸಕ್ಕ" ಎಂದ ಉಮ್ಮರ್. "ಕಳ್ಳನ ಹಿಂದೆ ಓಡಿದ್ದು."

"ಕಸ್ಟಮರ್ ಬಿಲ್ ಮರೆತು ಹೋದನಂತೆ" ಎಂದರು ಚರ್ಚಿನ ಗಾಯಕರ ತಂಡದ ಫೌಸ್ಟಿನ್.

"ಪಪ್ಪಾ ನೆವರ್ ರನ್ಸ್, ಅಂಕಲ್" ಎಂದಳು ಮಗಳು ಇಸಾಬೆಲ್ಲಾ. ಅವಳು ಅಳುತ್ತಿರಲಿಲ್ಲ. ಶಾಲೆಯ ಲೆಕ್ಕದಲ್ಲಿ ತಪ್ಪು ಹುಡುಕುವವಳ ಹಾಗೆ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಇಪ್ಪತ್ತು ವರ್ಷದಲ್ಲಿ ಬಸ್ಸಿಗೂ ಓಡಿದವರಲ್ಲ" ಎಂದಳು ಬೀಟ್ರಿಸ್. "ಒಂದು ಹೋದ್ರೆ ಇನ್ನೊಂದು ಬರ್ತದೆ ಹೇಳ್ತಿದ್ರು. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿಗೆ ಐವತ್ತನಾಲ್ಕು ವರ್ಷದ ಮನುಷ್ಯ ಯಾಕೆ ಓಡ್ತಾನೆ? ಎಲಿಯಾಸ್, ನೀ ಇದ್ದಿಯಲ್ಲ ಅಲ್ಲಿ?"

"ನಾನು... ಒಳಗೆ ಇದ್ದೆ."

ಹಸೀ ಸುಳ್ಳು. ಎಲಿಯಾಸ್ ಫೋನಿನ ಕಡೆಗೆ ಸರಿದ. ಪಾದ್ರಿಗಳಿಗೆ ಮಾಡುತ್ತಿದ್ದಾನೆಂದು ಎಲ್ಲರೂ ಎಣಿಸಿದರು. ಅವನು ತಿರುಗಿಸಿದ್ದು ಹಮ್ದಾನ್ ಎಂಬ ಗಿರಾಕಿಯ ಮನೆಯ ನಂಬರು. ನಿನ್ನೆಯಿಂದ ಇದು ಏಳನೆಯ ಸಲ, ಒಮ್ಮೆಯೂ ಯಾರೂ ಎತ್ತಿರಲಿಲ್ಲ. ಈಗ ಒಬ್ಬ ಹೆಂಗಸು ಎತ್ತಿದಳು. ಹಮ್ದಾನ್ ಇಬ್ರಾದ ನೆಂಟರ ಮನೆಗೆ ಹೋಗಿದ್ದಾನೆ, ಅಲ್ಲಿಂದ ನೇರ ಸೀಬಿನ ವಿಮಾನ ನಿಲ್ದಾಣಕ್ಕೆ, ಸಂಜೆ ಆರಕ್ಕೆ ವಿಮಾನ, ಖಲಾಸ್. ಅವನು ಇನ್ನೊಂದು ಮಾತು ಕೇಳುವಷ್ಟರಲ್ಲಿ ಫೋನು ಇಟ್ಟಳು.

ಸಂಜೆ ಆರಕ್ಕೆ ವಿಮಾನ, ನಾಲ್ಕಕ್ಕೆ ಮಣ್ಣು. ಎಲಿಯಾಸನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

*

ಖುರುಮ್‌ನ ಆ ಬಂದೂಕಿನ ಅಂಗಡಿಗೆ ಎಲಿಯಾಸ್ ಸೇರಿದ ದಿನ ಸಿಪ್ರಿಯನ್ ಅವನ ಕೈಗೆ ಖಾಲಿ ರೈಫಲ್ ಕೊಟ್ಟು, "ಆ ಕ್ಯಾಲೆಂಡರಿಗೆ ಗುರಿಯಿಟ್ಟು ಕುದುರೆ ಎಳಿ" ಎಂದಿದ್ದರು. ಎಳೆಯುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ದಪ್ಪ ಕ್ಯಾಟಲಾಗನ್ನು ಮೇಜಿನ ಮೇಲೆ ಧೊಪ್ಪೆಂದು ಬೀಳಿಸಿದ್ದರು. ಎಲಿಯಾಸನ ಕಣ್ಣು ಮುಚ್ಚಿಹೋಯಿತು.

"ನೋಡು, ಮುಚ್ಚಿದಿ. ಎಲ್ಲರೂ ಮುಚ್ತಾರೆ. ಬಂದೂಕು ಒದೀತದೆ ಅಂತ ಭುಜಕ್ಕೆ ಮೊದಲೇ ಗೊತ್ತಿರ್ತದೆ. ಒದೆ ಜಾಸ್ತಿ ಆದಷ್ಟು ಗುರಿ ತಪ್ಪುದು ಜಾಸ್ತಿ. ಜಿಂಕೆಗೆ ಆನೆ ಹೊಡಿಯುವ ತೋಟೆ ಯಾಕೆ? ಹಗುರದ್ದು ಸಾಕು. ಈ ಸಣ್ಣ ಟೂ ಫಾರ್ಟಿತ್ರೀ ತೋಟೆ ಸಾಕು."

ಗಿರಾಕಿಗಳ ಮೇಲೂ ಇದೇ ಪರೀಕ್ಷೆ. ಆಫ್ರಿಕಾಕ್ಕೆ ಬೇಟೆಗೆ ಹೋಗುವ ಶ್ರೀಮಂತರು, ರಜೆಯಲ್ಲಿ ಸ್ಕಾಟ್ಲೆಂಡಿಗೆ ಹೋಗುವ ಇಂಗ್ಲಿಷ್ ಅಧಿಕಾರಿಗಳು, ಎಲ್ಲರೂ ಕಣ್ಣು ಮುಚ್ಚುವವರೇ. ಆದರೆ ಮೀಸೆ ಹೊತ್ತ ಗಂಡಸಿಗೆ ನೀನು ಬೆಚ್ಚಿದೆ ಎಂದರೆ ಹೇಗಿರಬೇಡ? ಅವರು ಸಿಟ್ಟಿನಿಂದ ಎಲ್ಲಕ್ಕಿಂತ ದೊಡ್ಡ ಮ್ಯಾಗ್ನಮ್ ಬಂದೂಕು ಕೊಂಡು ಹೋಗುತ್ತಿದ್ದರು. ಕಫೀಲ್ ಬೈಯುತ್ತಿದ್ದ, ಸಿಪ್ರಿಯನ್ ತಲೆ ತಗ್ಗಿಸಿ ಕೇಳುತ್ತಿದ್ದರು, ಮರುದಿನ ಮತ್ತೆ ಕ್ಯಾಟಲಾಗು ಧೊಪ್ಪೆನ್ನುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಹನ್ನೊಂದು ವರ್ಷ.

ಒಮ್ಮೆ ಮಾತ್ರ ಕಾರಣ ಹೇಳಿದ್ದರು. ಹದಿನೆಂಟರ ಹರೆಯದಲ್ಲಿ, ತಮ್ಮೂರು ಬೆಳ್ಮಣ್ಣಿನಲ್ಲಿ, ಹಂದಿ ಓಡಿಸಲು ಇಟ್ಟಿದ್ದ ಅಪ್ಪನ ತೋಟೆಕೋವಿಯಿಂದ ಒಂದು ಜಿಂಕೆಗೆ ಹೊಡೆದಿದ್ದರು. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದ್ದರು. ಏಟು ಹಿಂಗಾಲಿಗೆ ಬಿತ್ತು.

"ಮೂರನೇ ದಿನ ಸಿಕ್ಕಿತು, ಗೇರು ಪೊದೆಯ ಅಡಿಯಲ್ಲಿ. ಜೀವ ಇತ್ತು ಎಲಿಯಾಸ್. ನನ್ನನ್ನೇ ನೋಡ್ತಾ ಇತ್ತು."

ಅದಾದ ಮೇಲೆ ಅವರು ಯಾವ ಪ್ರಾಣಿಗೂ ಗುಂಡು ಹಾರಿಸಿರಲಿಲ್ಲ.

*

ಚರ್ಚಿನ ಪೂಜೆ ಮುಗಿದು ಸ್ಮಶಾನ ಮುಟ್ಟುವಾಗ ನಾಲ್ಕಕ್ಕೆ ಐದು ನಿಮಿಷ. ಬೋಳು ಗುಡ್ಡದ ಮಗ್ಗುಲಲ್ಲಿ ಸಾಲು ಶಿಲುಬೆಗಳು, ಕಲ್ಲಿನಂಥ ನೆಲ. ಗುಂಡಿ ಅಗೆಯಲು ಯಂತ್ರ ತರಬೇಕಾಯಿತಂತೆ. ಪಾದ್ರಿಗಳು ಅವಸರ ಮಾಡುವವರಲ್ಲ. ಅವರು ಒಂದೊಂದೇ ಪದವನ್ನು ನೀರಿನಲ್ಲಿ ಅದ್ದಿ ತೆಗೆದಂತೆ ಓದುತ್ತಿದ್ದರೆ ಎಲಿಯಾಸ್ ಗಡಿಯಾರ ನೋಡುತ್ತಿದ್ದ. ಜೇಬಿನ ಡಬ್ಬಿಯ ಮೂಲೆ ಪಕ್ಕೆಗೆ ಚುಚ್ಚುತ್ತಿತ್ತು.

"ಎಂತ ಪದೇ ಪದೇ ಟೈಮ್ ನೋಡುದು?" ಉಮ್ಮರ್ ಕಿವಿಯಲ್ಲಿ ಗೊಣಗಿದ. "ಸತ್ತವರಿಗೆ ಮರ್ಯಾದೆ ಬೇಡ್ವಾ?"

ಎಲಿಯಾಸನಿಗೆ ಅವನ ಮೇಲೆ ರೇಗಿತು. ಪಾದ್ರಿಗಳ ಮೇಲೆ ರೇಗಿತು, ಇಬ್ರಾದ ನೆಂಟರ ಮೇಲೆ ರೇಗಿತು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ.

*

ಸೋಮವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಹಮ್ದಾನ್ ಬಂದಿದ್ದ. ಜಾಂಜಿಬಾರಿನಲ್ಲಿ ಹುಟ್ಟಿ ಬೆಳೆದು ಮರಳಿದ ಒಮಾನಿ, ಹಿಂದಿ ಬಲ್ಲವನು. ವರ್ಷಕ್ಕೊಮ್ಮೆ ಟಾಂಜಾನಿಯಾಕ್ಕೆ ಹೋಗಿ ಇಂಪಾಲ ಎಂಬ ಜಿಂಕೆ ಹೊಡೆದು ಬರುವವನು. ಹನ್ನೊಂದು ವರ್ಷದಲ್ಲಿ ಸಿಪ್ರಿಯನ್ನರ ಮಾತಿಗೆ ನಕ್ಕು, ಹೌದು ಕಣ್ಣು ಮುಚ್ಚಿದೆ ಎಂದು ಒಪ್ಪಿಕೊಂಡು, ಹಗುರದ ರೈಫಲನ್ನೇ ಕೊಂಡವನು ಅವನೊಬ್ಬನೇ. ಅದಕ್ಕೆ ತೋಟೆ ಬೇಕಾಗಿತ್ತು. ಸಿಪ್ರಿಯನ್ ಹಿಂದಿನ ಗೋದಾಮಿನಲ್ಲಿದ್ದರು.

ಎಲಿಯಾಸ್ ಕಪಾಟು ತೆರೆದ. ಒಂದೇ ಹಸಿರಿನ ಎರಡು ಬಗೆಯ ಡಬ್ಬಿ, ಎರಡರ ಮೇಲೂ ಟೂ ಫಾರ್ಟಿತ್ರೀ. ಒಂದರಲ್ಲಿ ಎಪ್ಪತ್ತೈದು ಗ್ರೇನ್ ತೂಕದ ಗುಂಡು, ಇನ್ನೊಂದರಲ್ಲಿ ನೂರು. ಹಗುರದ್ದು ಸಾಕು, ಹಗುರದ್ದು ಸಾಕು. ಹನ್ನೊಂದು ವರ್ಷ ಕಿವಿಯ ಮೇಲೆ ಬಿದ್ದ ಪಾಠ. ಇವತ್ತು ಮುದುಕ ಮೆಚ್ಚಲಿ ಎಂದು ಎಲಿಯಾಸ್ ಎಪ್ಪತ್ತೈದನ್ನು ಎತ್ತಿ, ಹೆಮ್ಮೆಯಿಂದ ಪರ್ಮಿಟ್ಟಿಗೆ ಮೊಹರು ಹಾಕಿ ಕೊಟ್ಟ.

ಸಿಪ್ರಿಯನ್ ಬಂದು ಬಿಲ್ಲಿನ ಪ್ರತಿ ನೋಡಿದರು. ಅವರ ಮುಖದ ಬಣ್ಣವೇ ಹೋಯಿತು.

"ಎಪ್ಪತ್ತೈದಾ? ಜಿಂಕೆಗಾ?"

"ನೀವೇ ಅಲ್ವಾ ಹಗುರದ್ದು ಸಾಕು..."

"ಹಗುರ ಬೇಕಾದ್ದು ತೋಟೆಯ ಒದೆ ಮಾರಾಯ! ತುದಿಯ ಗುಂಡು ಅಲ್ಲ! ಇದು ನರಿಗೆ, ಮೊಲಕ್ಕೆ. ಚರ್ಮಕ್ಕೆ ತಾಗಿದ ಕೂಡಲೇ ಒಡೆದು ಪುಡಿಯಾಗ್ತದೆ, ಎದೆಗೆ ಮುಟ್ಟುದಿಲ್ಲ. ಜಿಂಕೆ ಓಡ್ತದೆ ಎಲಿಯಾಸ್, ಮೂರು ದಿನ ಓಡ್ತದೆ! ಹನ್ನೊಂದು ವರ್ಷ ನಾ ಯಾರಿಗೆ ಹೇಳಿದ್ದು? ಗೋಡೆಗಾ?"

ನೂರರ ಡಬ್ಬಿ ಎಳೆದುಕೊಂಡು ಅವರು ಬಿಸಿಲಿಗೆ ಓಡಿದರು. ಹಮ್ದಾನನ ಬಿಳಿ ಕಾರು ಆಗಲೇ ರಸ್ತೆಯ ತಿರುವಿನಲ್ಲಿತ್ತು. "ಯಾ ಹಮ್ದಾನ್! ಯಾ ಹಮ್ದಾನ್!" ಎಂದು ಕೂಗುತ್ತಾ, ಚಪ್ಪಲಿ ಕಳಚಿಹೋದದ್ದನ್ನೂ ಗಮನಿಸದೆ, ಕಾದ ಡಾಂಬರಿನ ಮೇಲೆ ಓಡಿ, ದೀಪದ ಕಂಬದ ಬಳಿ ಎದೆ ಹಿಡಿದು ಕುಸಿದರು.

ಎಲಿಯಾಸ್ ಓಡಿಹೋದ. ಮೊದಲು ನಾಡಿ ಹಿಡಿಯಬೇಕಿತ್ತು. ಅವನು ಮೊದಲು ಬಿಡಿಸಿಕೊಂಡದ್ದು ಅವರ ಬೆರಳುಗಳ ನಡುವಿನ ಡಬ್ಬಿಯನ್ನು. ಪೊಲೀಸರು ಬಂದರೆ ಅದು ಯಾಕೆ ಹೊರಗೆ ಬಂತು ಎಂದು ಕೇಳುತ್ತಾರಲ್ಲ ಎಂಬ ಭಯ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಎಲಿಯಾಸನಿಗೆ ಕೆಟ್ಟ ಮೇಲೂ ಬಂದಿರಲಿಲ್ಲ.

*

ಪೆಟ್ಟಿಗೆ ಇಳಿಯಿತು. ಜನ ಸಾಲಾಗಿ ಬಂದು ಹಿಡಿ ಮಣ್ಣು ಹಾಕತೊಡಗಿದರು. ಬೀಟ್ರಿಸ್ ಎಲ್ಲರಿಗಿಂತ ಮೊದಲು ಹಾಕಿ ಬದಿಗೆ ನಿಂತಿದ್ದಳು. ಎಲಿಯಾಸ್ ಬಗ್ಗಿ ಮಣ್ಣು ಎತ್ತಿಕೊಂಡ. ಒಣ, ಬೂದು ಬಣ್ಣದ ಮಣ್ಣು. ಅದನ್ನು ಹಿಡಿದು ಗುಂಡಿಯ ಅಂಚಿಗೆ ಬಂದವನಿಗೆ ಕೈ ಬಿಚ್ಚಲಾಗಲಿಲ್ಲ. ಅವನು ಸಾಲು ಬಿಟ್ಟು ಬೀಟ್ರಿಸಳ ಮುಂದೆ ಹೋಗಿ ನಿಂತ.

"ಬೀಟ್ರಿಸಕ್ಕ, ಅವರು ಓಡಿದ್ದು ನನ್ನಿಂದ. ನಾನು ಹಮ್ದಾನನಿಗೆ ತಪ್ಪು ಗುಂಡು ಕೊಟ್ಟೆ. ಅದರಲ್ಲಿ ಜಿಂಕೆ ಸಾಯುದಿಲ್ಲ, ಗಾಯ ಆಗಿ ಓಡ್ತದೆ. ಅದನ್ನು ಬದಲು ಮಾಡ್ಲಿಕ್ಕೆ ಓಡಿದ್ದು."

ಬೀಟ್ರಿಸ್ ಅವನನ್ನೇ ನೋಡಿದಳು. ಕಪಾಳಕ್ಕೆ ಬಿಗಿಯುತ್ತಾಳೆ ಎಂದುಕೊಂಡ. ಬಿಗಿದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಜಿಂಕೆಗಾಗಿ?" ಅವಳ ಸ್ವರ ಏರಿತು. ಜನ ತಿರುಗಿ ನೋಡಿದರು. "ಹೆಂಡತಿ ಇದ್ದಾಳೆ, ಮಗಳಿದ್ದಾಳೆ ಅಂತ ಇಲ್ಲ, ಯಾವುದೋ ಆಫ್ರಿಕಾದ ಜಿಂಕೆಗಾಗಿ? ಆ ಬೆಳ್ಮಣ್ಣಿನ ಜಿಂಕೆ! ಮದುವೆಯಾದ ವಾರವೇ ಹೇಳಿದ್ರು ನಂಗೆ. ಜ್ವರ ಬಂದ್ರೆ ಕನಸಿನಲ್ಲಿ ಅದೇ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ ಕೇಳಿದಳು: "ಆ ಮನುಷ್ಯನಿಗೆ ಸರಿಯಾದ್ದು ಸಿಕ್ಕಿತಾ?"

"ಇಲ್ಲ. ಆರಕ್ಕೆ ಅವನ ವಿಮಾನ."

"ಡಬ್ಬಿ ಎಲ್ಲುಂಟು?"

ಎಲಿಯಾಸ್ ಜೇಬು ಮುಟ್ಟಿ ತೋರಿಸಿದ.

"ಮತ್ತೆ ನೀ ಇಲ್ಲಿ ಎಂತ ನೋಡ್ತಾ ನಿಂತದ್ದು?" ಎಂದು ಚೀರಿದಳು ಬೀಟ್ರಿಸ್. "ಓಡು!"

"ಮಣ್ಣು ಹಾಕಿ..."

"ಮಣ್ಣು ಹಾಕ್ಲಿಕ್ಕೆ ಇಷ್ಟು ಜನ ಇದ್ದಾರೆ. ಓಡು ಎಲಿಯಾಸ್!"

*

ಸೀಬಿನ ವಿಮಾನ ನಿಲ್ದಾಣದ ಎದುರು ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ದೂರದಲ್ಲಿ, ಗಾಜಿನ ಬಾಗಿಲಿನತ್ತ, ಉದ್ದನೆಯ ಚರ್ಮದ ಪೆಟ್ಟಿಗೆ ಇಟ್ಟ ಗಾಡಿಯನ್ನು ತಳ್ಳುತ್ತಾ ಬಿಳಿ ಅಂಗಿಯ ಮನುಷ್ಯನೊಬ್ಬ ನಡೆಯುತ್ತಿದ್ದ. ಎಲಿಯಾಸ್ ಓಡಿದ. ಕರಿ ಕೋಟು, ಕರಿ ಟೈ, ಹೊಸ ಬೂಟು. ಕಾಲಿನ ಕೆಳಗೆ ಡಾಂಬರು ಇನ್ನೂ ಕಾದಿತ್ತು.

"ಯಾ ಹಮ್ದಾನ್! ಯಾ ಹಮ್ದಾನ್!"

ಬಾಗಿಲ ಬಳಿ ಹಮ್ದಾನ್ ನಿಂತು ತಿರುಗಿದ. ಎಲಿಯಾಸ್ ಏದುಸಿರು ಬಿಡುತ್ತಾ ಅವನ ಮುಂದೆ ಬಂದು ನಿಂತ. ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದು ಚಾಚಿದ. ಸ್ಮಶಾನದಿಂದ ಬರುವಾಗ ಬೇರೆಲ್ಲೂ ಜಾಗವಿಲ್ಲದೆ ಹಿಡಿಯಲ್ಲಿದ್ದ ಮಣ್ಣನ್ನೂ ಅದೇ ಜೇಬಿಗೆ ಸುರಿದುಕೊಂಡಿದ್ದ. ಹಸಿರು ಡಬ್ಬಿ ಬೂದಾಗಿತ್ತು.

ಹಮ್ದಾನ್ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒರೆಸಿದ. ನೂರು ಎಂಬ ಅಂಕಿ ಕಂಡಿತು. ಸಾವಿನ ಸುದ್ದಿ ತಿಳಿಯದ ಅವನಿಗೆ ಡಬ್ಬಿ ತಪ್ಪಿದ್ದು ಮಾತ್ರ ಅರ್ಥವಾಗಿರಬೇಕು, ನಕ್ಕ.

"ಬಡೇ ಮಿಯಾಂ ನೇ ಭೇಜಾ?"

ಹೌದು, ಹಿರಿಯರೇ ಕಳಿಸಿದ್ದು ಎಂದು ಎಲಿಯಾಸ್ ತಲೆಯಾಡಿಸಿದ. ಹಮ್ದಾನ್ ಡಬ್ಬಿಯನ್ನು ಬಾಯಿಯ ಹತ್ತಿರ ಹಿಡಿದು ಉಫ್ ಎಂದು ಊದಿದ. ಮಣ್ಣು ಸ್ವಲ್ಪ ಅವನ ಬಿಳಿ ಅಂಗಿಯ ಮೇಲೆ, ಸ್ವಲ್ಪ ಎಲಿಯಾಸನ ಬೂಟಿನ ಮೇಲೆ ಬಿತ್ತು.