ಬೆಟಗೇರಿಯ ಭೋಂಗಾ

ಬೆಟಗೇರಿಯ ಹಳೆಯ ನೀರಿನ ಗೋಪುರದ ಮೇಲೆ ಮೂವತ್ತು ವರ್ಷ ಮೂಕವಾಗಿ ಕುಳಿತಿದ್ದ ಎಚ್ಚರಿಕೆಯ ಸೈರನ್ನನ್ನು, ಊರವರ ಬಾಯಲ್ಲಿ ಭೋಂಗಾವನ್ನು, ಮೋಟರುಗಳ ತಂತಿ ಸುತ್ತುತ್ತಲೇ ತಲೆ ನರೆಸಿಕೊಂಡ ಕಳಕಪ್ಪ ಮೂರು ತಿಂಗಳು ಬೆವರಿಳಿಸಿ ಸರಿಪಡಿಸಿದ್ದ. ಇಂದು ಬೆಳಿಗ್ಗೆ ಹನ್ನೊಂದಕ್ಕೆ ನಗರಸಭೆಯ ಸಾಹೇಬರೆದುರು ಅದು ಕೂಗಬೇಕಿತ್ತು.

ಕಡೆಯ ಬಾರಿ ಒರೆಸಿ ಬರಲೆಂದು ಏಣಿ ಹತ್ತುವ ಮುನ್ನ ಅವನು ಅಂಗಿ ಕಳಚಿ, ಮೊಬೈಲು ಕೆಳಗಿಟ್ಟು, ವಾಡಿಕೆಯಂತೆ ಗೋಪುರದ ಬುಡದ ಗೋಡೆಯ ಹಲಗೆಯಿಂದ ಮೂರೂ ಪಿಂಗಾಣಿ ಫ್ಯೂಜು ಕಿತ್ತು ಬನಿಯನ್ನಿನ ಕಿಸೆಗೆ ಇಳಿಬಿಟ್ಟ. ಫ್ಯೂಜು ತನ್ನ ಬಳಿಯಿದ್ದರೆ ವಿದ್ಯುತ್ತು ಹತ್ತಿರ ಸುಳಿಯದೆಂಬುದು ನಲವತ್ತು ವರ್ಷಗಳ ನಂಬಿಕೆ.

"ಅಜ್ಜಾರ, ಒಂದ್ ಮಾತು ಕೇಳ್ರಿ. ಆ ಹಳೇ ಹಲಗಿಗೆ ಈಗ..." ನಗರಸಭೆಯ ಹೊಸ ವೈರಮನ್ ಫಕೀರೇಶ ಬಾಯಿ ತೆರೆದ.

"ನಿನಗ ಹಲ್ಲು ಹುಟ್ಟೂಕಿಂತ ಮೊದಲ ಫ್ಯೂಜು ಕಿತ್ತಾಂವ ಲೇ ನಾನು. ಸ್ವಿಚ್ಚಿನ ಗುಂಡಿ ಕಾಯ್ಕೋತ ಸುಮ್ಮನ ಕುಂಡ್ರು!"

ಫಕೀರೇಶ ಗುಂಡಿಯ ಬಳಿ ಹೋಗಿ ನಿಂತ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಕೆಳಗಿನಿಂದ ಫಕೀರೇಶನ ಕೂಗು ಬಂತು. "ಮುಗೀತೇನ್ರೀ?"

"ಆತಲೇ!" ಎಂದು ತಿರುಗಿದ ಕಳಕಪ್ಪನ ಕಣ್ಣಿಗೆ, ಸೈರನ್ನಿನ ಕಂಡಿಯೊಳಗೆ ಒರೆಸಲು ತಂದು ತಾನೇ ಮರೆತ ಮಗ್ಗದ ನೂಲಿನ ಮುದ್ದೆ ಬಿತ್ತು. ಕೈ ತೂರಿಸಿದ. ಒಳಗಿನ ಕಬ್ಬಿಣದ ಚಕ್ರ ತುಸು ಹೊರಳಿ, ಕಂಡಿಯ ಅಂಚಿಗೂ ಅದಕ್ಕೂ ನಡುವೆ ಬೆರಳುಗಳು ಕಚ್ಚಿಕೊಂಡವು. ಎಳೆದಷ್ಟೂ ಬಿಗಿದವು. ಚಕ್ರವನ್ನು ಹಿಂದಕ್ಕೆ ತಿರುಗಿಸಲು ಎಡಗೈ ಎಟುಕಲಿಲ್ಲ.

'ಇರಲಿ, ಫ್ಯೂಜು ನನ್ನಲ್ಲಿವೆ' ಎಂದುಕೊಂಡು ಉಸಿರು ಬಿಟ್ಟವನ ದೃಷ್ಟಿ ಮೋಟರಿನ ಬುಡಕ್ಕೆ ಹೋಯಿತು. ಹಲಗೆಯಿಂದ ಬರುತ್ತಿದ್ದ ಹಳೆಯ ತಂತಿ ತುಂಡಾಗಿ ಜೋತಿತ್ತು. ಇನ್ನೊಂದು ಬದಿಯಿಂದ ಹೊಸ ಕರಿಯ ಕೇಬಲ್ಲು ಏರಿ ಬಂದಿತ್ತು; ಕರೆಂಟು ಈಗ ಅದರಲ್ಲೇ. ಹುಡುಗ ಹೇಳಹೊರಟಿದ್ದು ಇದೇ. ಕಿಸೆಯಲ್ಲಿದ್ದದ್ದು ಬರಿಯ ಪಿಂಗಾಣಿ.

ಆದರೂ ಬಾಯಿಗೆ ಬಂದದ್ದು ಅಪ್ಪಣೆಯೇ. "ಫಕೀರೇಶಾ, ಮ್ಯಾಲ ಬಾರಲೇ!"

"ಎರಡ ನಿಮಿಷ ಐತ್ರಿ, ಭೋಂಗಾ ಹಚ್ಚೇ ಬರ್ತೀನ್ರಿ! ಸಾಹೇಬ್ರು ಗಡಿಯಾರ ನೋಡಾಕತ್ತಾರ!"

ಬೆರಳಿಗಂಟಿದ ಕಬ್ಬಿಣ ತಣ್ಣಗಿತ್ತು. ಅದು ತಿರುಗಿದರೆ ತಂತಿ ಸುತ್ತುವ ಕೈಯೇ ಉಳಿಯದು. ಹೇಳಬೇಕಾದ ಮಾತು ಗೊತ್ತಿತ್ತು. ಕೆಳಗೆ ಸಾಹೇಬರು, ಸುತ್ತ ನೆರೆದ ನೇಕಾರರು, ಎಲ್ಲರ ಕಿವಿಗೂ ಬೀಳುವ ಮಾತು. ಹಲ್ಲು ಕಚ್ಚಿದ. ಕೆಳಗೆ ಯಾರೋ ಎಣಿಸತೊಡಗಿದರು: ಹತ್ತು, ಒಂಬತ್ತು...

"ಹಚ್ಚಬ್ಯಾಡೋ ತಮ್ಮಾ! ಕೈ ಸಿಕ್ಕೈತೋ! ಫ್ಯೂಜಿನಾಗ ಏನೂ ಇಲ್ಲೋ, ನನಗ ಗೊತ್ತಾಗಲಿಲ್ಲೋ!"

ಎಣಿಕೆ ನಿಂತಿತು. ಏಣಿ ಗಡಗಡ ನಡುಗಿತು. ಮೇಲೆ ಬಂದ ಫಕೀರೇಶ ಚಕ್ರವನ್ನು ಹಿಂದಕ್ಕೆ ಹೊರಳಿಸಿದ. ಎರಡು ಬೆರಳುಗಳ ತೊಗಲು ಸುಲಿದಿತ್ತು.

"ಏನಾತ್ರೀ ಅಲ್ಲಿ?" ಸಾಹೇಬರ ದನಿ.

"ಏನಿಲ್ರೀ ಸರ, ಗ್ರೀಸು ಸ್ವಲ್ಪ..." ಫಕೀರೇಶ ಬಗ್ಗಿ ಹೇಳತೊಡಗಿದ.

ಕಳಕಪ್ಪ ಅವನ ಹೆಗಲು ಹಿಡಿದು ತಡೆದ.

"ಸುಳ್ಳು ಹೇಳಬ್ಯಾಡೋ. ಊರೆಲ್ಲಾ ಕೇಳೇತಿ. ಮೊದಲ ಈ ಕರಿ ಕೇಬಲ್ಲಿನ ಹೊಸಾ ಫ್ಯೂಜಿನ ಪೆಟಗಿ ಎಲ್ಲೈತಿ ತೋರಸು, ನಡಿ."