ಮೂವತ್ತೊಂದು ದರ್ಜಿ ಅಂಗಡಿಗಳು

ದರ್ಜಿಗಳ ಆರ್ಡರ್ ಲೆಕ್ಕವಿಡಲು ತಾನು ಮಾಡಿದ ಆ್ಯಪ್‌ಗೆ ಬರುವ ಒಂದನೇ ತಾರೀಖಿನಿಂದ ಶುಲ್ಕ ಎಂದು ಅವಳು ಎಲ್ಲರಿಗೂ ತಿಳಿಸಿ ಆರು ದಿನವಾಗಿತ್ತು. ಎಂಟು ತಿಂಗಳಿಂದ ಪುಕ್ಕಟೆಯಾಗಿ ಪರೀಕ್ಷಿಸುತ್ತಿದ್ದ ಮೂವತ್ತೊಂದು ದರ್ಜಿ ಅಂಗಡಿಗಳಲ್ಲಿ ಒಂದೂ ತುಟಿಪಿಟಕ್ಕೆಂದಿರಲಿಲ್ಲ. ಹತ್ತಾದರೂ ಒಪ್ಪದಿದ್ದರೆ ಬಿಟ್ಟುಬಂದ ಆಫೀಸಿಗೇ ತಿರುಗಿ ಹೋಗುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದಳು.

ಏಳನೇ ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಮಾಸ್ಟರ ಅಂಗಡಿಗೆ ಹೋದಳು. ಆ್ಯಪನ್ನು ಸಿಕ್ಕಸಿಕ್ಕವರ ಮುಂದೆ ಹೊಗಳಿದ್ದ ದರ್ಜಿ ಅವರೇ. ಕೋಟಿನ ತೋಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದವರು ಸ್ಟೂಲಿನ ಮೇಲಿದ್ದ ಚಿಂದಿ ಕೊಡವಿ ಕೂರಿಸಿದರು. ಅವಳು ತಡವರಿಸುತ್ತ ವಿಷಯಕ್ಕೆ ಬಂದಳು.

"ಕೊಡೋಣ ಬಿಡಮ್ಮ, ಅದಕ್ಕೇನಂತೆ," ಎಂದರು ಮಾಸ್ಟರು. "ಆದ್ರೆ ಇವತ್ತು ಯಾರ್ಯಾರ ಬಟ್ಟೆ ಕೊಡ್ಬೇಕು ಅಂತ ಬೆಳಿಗ್ಗೆ ಮೆಸೇಜು ಬರುತ್ತಲ್ಲ, ಅದು ಮಾತ್ರ ನಿಲ್ಲಬಾರ್ದು."

ಆ ಮೆಸೇಜನ್ನು ಕಳಿಸುತ್ತಿದ್ದುದು ಆ್ಯಪ್ ಅಲ್ಲ, ಅವಳು. ಟೈಪ್ ಮಾಡುವುದೆಲ್ಲ ನನ್ನ ಕೈಲಾಗದು ಎಂದು ಮಾಸ್ಟರು ಮೊದಲ ದಿನವೇ ಗೊಣಗಿದಾಗ, ಆರ್ಡರ್ ಪುಸ್ತಕದ ಫೋಟೋ ಕಳಿಸಿ ಸಾಕು, ಸದ್ಯಕ್ಕೆ ನಾನೇ ತುಂಬುತ್ತೇನೆ ಎಂದಿದ್ದಳು. ಒಬ್ಬರಿಗೆ ಮಾಡಿದ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮೂವತ್ತೊಂದು ಅಂಗಡಿಗಳ ಗೀಚುಬರಹವನ್ನು ದಿನಾ ಓದಿ, ತುಂಬಿ, ಪಟ್ಟಿ ತೆಗೆದು ಕಳಿಸುತ್ತಿದ್ದಳು. ಮುಂದಿನ ವಾರ ನಿಲ್ಲಿಸೋಣ ಎನ್ನುತ್ತಲೇ ಎಂಟು ತಿಂಗಳು ಕಳೆದಿದ್ದವು. ಆ್ಯಪನ್ನು ಯಾರು ಎಷ್ಟು ಸಲ ತೆರೆದರೆಂದು ನೋಡುವ ಧೈರ್ಯ ಮಾತ್ರ ಅವಳಿಗೆ ಬಂದಿರಲಿಲ್ಲ.

ಸುಳ್ಳು ಹೇಳಲಾಗಲಿಲ್ಲ. ಇದ್ದದ್ದನ್ನು ಹೇಳಿ, ಇನ್ನು ನೀವೇ ತುಂಬಬೇಕು, ಆಗ ಪಟ್ಟಿ ತಾನಾಗಿ ಬರುತ್ತದೆ ಎಂದಳು.

ಮಾಸ್ಟರು ನಕ್ಕರು. ಕೊಂಕಿಲ್ಲದ ನಗು, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಅಲ್ಲ ತಾಯಿ, ನಾನೇ ಬರ್ದು, ನಾನೇ ತುಂಬಿ, ನನಗೇ ಕಳಿಸ್ಕೊಳ್ಳೋಕೆ ದುಡ್ಡು ಬೇರೆ ಕೊಡ್ಲಾ? ನೀನೇ ದಿನಾ ಒಂದು ಗಂಟೆ ಬಂದು ಪುಸ್ತಕ ನೋಡ್ಕೊಂಡು ಹೋಗು. ಸಂಬಳ ಕೊಡ್ತೀನಿ."

ಅವಳು ಅವರ ಫೋನ್ ಕೇಳಿ ಪಡೆದು ಆ್ಯಪ್ ಒತ್ತಿದಳು. ನಿಮ್ಮ ಅಂಗಡಿಯ ಹೆಸರು ತುಂಬಿ ಎನ್ನುವ ಮೊಟ್ಟಮೊದಲ ಪರದೆ ಬಂತು. ಮಾಸ್ಟರು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಉಳಿದ ಮೂವತ್ತು ಫೋನುಗಳ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಅದನ್ನು ಬಳಸಿದವಳು ಅವಳೊಬ್ಬಳೇ.

ಸಂಜೆ ಎಲ್ಲ ಹೇಳಿಕೊಂಡಾಗ ಅಕ್ಕ ಬಯ್ಯಲಿಲ್ಲ. "ನಾಳೆ ಹಳೇ ಆಫೀಸಿಗೆ ಹೋಗಿ ಕೇಳ್ತೀಯೇನೇ?" ಎಂದಳಷ್ಟೇ. ಇವಳು ಹೂಂ ಎಂದಳು. ಅಷ್ಟರಲ್ಲಾಗಲೇ ಆರ್ಡರ್ ಪುಸ್ತಕಗಳ ಹದಿನಾಲ್ಕು ಫೋಟೋ ಬಂದು ಬಿದ್ದಿದ್ದವು. ನಾಳೆ ಯಾರೋ ಹೊಲಿಸಿದ ಬಟ್ಟೆ ಕೇಳಿಕೊಂಡು ಬರುತ್ತಾರಲ್ಲ ಎಂದು, ಅವಳು ಮೊದಲನೆಯದನ್ನು ತೆರೆದು ತುಂಬತೊಡಗಿದಳು.