ಮಧ್ಯಾಹ್ನದ ಮಕ್ಕಳ ಕುರ್ಚಿ

"ಬಗ್ಗು. ಬಗ್ಗಿ ಮೂಸಿ ನೋಡು. ಎಂತ ವಾಸನೆ ಬರ್ತದೆ ಹೇಳು."

ಮೋಹಿನಿ ಬಗ್ಗಿ ಕುರ್ಚಿಯ ಬೆನ್ನನ್ನು ಮೂಸಿದಳು. ಪ್ಲಾಸ್ಟಿಕ್ಕಿನ ವಾಸನೆ.

"ಎಂತ ಇಲ್ಲ ಸರ್."

"ನಿಂಗೆ ಹೇಗೆ ಗೊತ್ತಾಗ್ತದೆ, ದರಿದ್ರದವಳೇ? ನಿನ್ನ ಮೈಯದ್ದೇ ವಾಸನೆ ಅದು. ತೆಂಗಿನೆಣ್ಣೆ." ಸೂಪರ್‌ವೈಸರ್ ಬೊನವೆಂಚರ್, ಅವಳ ಊರ ಕಡೆಯವನೇ, ಕುರ್ಚಿಯ ಹಿಂದೆ ಗೋಡೆಗೆ ತಲೆ ತಾಗಿ ಆದ ಜಿಡ್ಡಿನ ಕಲೆ ತೋರಿಸಿದ. "ಬೆಳಗ್ಗಿನ ಪೇರೆಂಟ್ ಒಬ್ಳು ಕಂಪ್ಲೇಂಟ್ ಕೊಟ್ಟಿದ್ದಾಳೆ. ಮಧ್ಯಾಹ್ನದ ಮಕ್ಕಳು ಕೂತ ಕುರ್ಚಿ ಎಲ್ಲ ಇನ್ನು ಡೆಟಾಲ್ ಹಾಕಿ ಒರೆಸ್ಬೇಕು. ದಿನಾ ಬೆಳಗ್ಗೆ ಆರಕ್ಕೆ."

ಕುವೈತಿನ ಆ ಶಾಲೆಗೆ ಮಾಲೀಕ ಒಬ್ಬನೇ, ಕಟ್ಟಡವೂ ಒಂದೇ. ಬೆಳಗ್ಗೆ ಬಿಳಿಯರ, ಶ್ರೀಮಂತರ ಮಕ್ಕಳು. ಒಂದು ಗಂಟೆಯ ಮೇಲೆ ಇಂಡಿಯಾ, ಬಾಂಗ್ಲಾ, ಶ್ರೀಲಂಕಾದ ಕೆಲಸದವರ ಮಕ್ಕಳು. ನಡುವಿನ ಅರ್ಧ ಗಂಟೆ ಆಯಾ ಮೋಹಿನಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಧ್ಯಾಹ್ನದವರು ಮುಟ್ಟದಂತೆ ಸ್ಮಾರ್ಟ್ ಬೋರ್ಡಿಗೆ, ಲೈಬ್ರರಿಗೆ, ಲ್ಯಾಬಿಗೆ ಬೀಗ ಹಾಕಬೇಕು. ಟಾಯ್ಲೆಟ್ಟಿನ ಸಾಬೂನು ತೆಗೆದಿಡಬೇಕು. ಇಪ್ಪತ್ತು ಮಕ್ಕಳ ಕೋಣೆಯಲ್ಲಿ ನಲವತ್ತೆಂಟು ಮಂದಿ ಹಿಡಿಸುವಂತೆ ಸ್ಟೋರಿನಿಂದ ಸ್ಟೂಲು ಹೊರಬೇಕು. ಆ ನಲವತ್ತೆಂಟರಲ್ಲಿ ಮೋಹಿನಿಯ ಮಗಳು ಅಶ್ಮಿತಾ ಒಬ್ಬಳು, ಐದನೇ ಕ್ಲಾಸು. ಅವಳಿಗೆ ಸೀಟು ಸಿಕ್ಕಿದ್ದೇ ಅಮ್ಮನ ಈ ಕೆಲಸದಿಂದ.

ಒಂದು ವಾರ ಮೋಹಿನಿ ಒರೆಸಿದಳು. ಅಂಗೈ ಬಿಳಿಚಿ ಸುಲಿಯಿತು. ಮಗಳ ಕುರ್ಚಿ ಯಾವುದೆಂದು ಗೊತ್ತಿತ್ತು. ಅದನ್ನೂ ಒರೆಸಿದಳು.

ಬುಧವಾರ ಮಧ್ಯಾಹ್ನ ಬೊನವೆಂಚರ್ ಟಿಶ್ಯೂ ಡಬ್ಬಿ ಹಿಡಿದು ಐದನೇ ಕ್ಲಾಸಿಗೆ ನುಗ್ಗಿದ. ಬೆಳಗ್ಗಿನ ಪಾಳಿಯ ಇಂಗ್ಲಿಷ್ ಹೆಡ್ ಮೇಡಮ್ ಬಾಗಿಲಲ್ಲೇ ನಿಂತಳು. ಅವನು ಒಬ್ಬೊಬ್ಬರ ತಲೆಗೂ ಟಿಶ್ಯೂ ಒತ್ತಿ, ಎಣ್ಣೆ ಅಂಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತ ಬಂದ. ಅಶ್ಮಿತಾಳ ಜಡೆ ಹಿಡಿದು ಎಬ್ಬಿಸಿ, ವರಾಂಡ ಗುಡಿಸುತ್ತಿದ್ದ ಮೋಹಿನಿಯನ್ನು ಕರೆದ. ಮೇಡಮ್ ಮುಖ ತಿರುಗಿಸಿದಳು.

"ಆಯಾ, ಇದು ನಿನ್ನದಲ್ವಾ? ಕರ್ಕೊಂಡು ಹೋಗಿ ತಲೆ ತೊಳಿ."

"ಪಾಠ ನಡೀತಾ ಉಂಟು ಸರ್."

"ಬೇವರ್ಸಿ, ನನಗೆ ಹೇಳಿಕೊಡ್ತೀಯಾ? ಯಲ್ಲಾ, ನಡಿ."

ಟಾಯ್ಲೆಟ್ಟಿನಲ್ಲಿ ಸಾಬೂನಿರಲಿಲ್ಲ. ಮೋಹಿನಿ ಮಗಳ ತಲೆಯನ್ನು ನಲ್ಲಿಯ ಕೆಳಗೆ ಬಗ್ಗಿಸಿದಳು. ಬಿಸಿಲಿಗೆ ಕಾದ ಟ್ಯಾಂಕಿಯ ನೀರು ಸುಡುತ್ತಿತ್ತು.

"ಇಟ್ಸ್ ಹಾಟ್, ಅಮ್ಮಾ."

"ಸ್ವಲ್ಪ ತಡ್ಕೋ ಮಗಾ."

"ನಾಳೆ ನೋ ಆಯಿಲ್, ಓಕೆ?"

ಮೋಹಿನಿ ಹೂಂ ಅಂದಳು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಮರುದಿನ ಹನ್ನೆರಡೂವರೆಗೆ ಬೆಳಗ್ಗಿನ ಮಕ್ಕಳು ಹೊರಟರು. ಮೋಹಿನಿ ಯಾವ ಬೀಗವನ್ನೂ ಹಾಕಲಿಲ್ಲ. ಬಕೆಟಿಗೆ ಡೆಟಾಲ್ ಸುರಿದು ಮೊದಲ ಸಾಲಿನಿಂದ ಒರೆಸತೊಡಗಿದಳು. ನೀರಿನ ಬಾಟಲಿ ಮರೆತು ತಾಯಿಯ ಜೊತೆ ವಾಪಸು ಬಂದ ಬಿಳಿ ಹುಡುಗಿಯೊಬ್ಬಳು ತನ್ನ ಕುರ್ಚಿಯನ್ನೂ ಮೋಹಿನಿಯ ಕೈಯ ಬಟ್ಟೆಯನ್ನೂ ನೋಡುತ್ತ ನಿಂತಳು. ಅವರ ಹಿಂದೆಯೇ ಬೊನವೆಂಚರ್ ಬಂದ.

"ಎಂತ ಮಾಡ್ತಾ ಇದ್ದೀ? ಒರೆಸೋದು ಬೆಳಗ್ಗೆ ಅಲ್ವಾ?"

"ಬೆಳಗ್ಗೆಯೂ ಒರೆಸಿದ್ದೇನೆ ಸರ್."

"ಮತ್ತೆ ಈಗ ಯಾಕೆ?"

"ಇವರು ಕೂತದ್ದಲ್ವಾ. ಇನ್ನು ನಮ್ಮ ಮಕ್ಕಳು ಕೂರ್ಬೇಕು."

ಅವಳು ಏನೆಂದಳು ಎಂದು ಹುಡುಗಿಯ ತಾಯಿ ಇಂಗ್ಲಿಷಿನಲ್ಲಿ ಕೇಳಿದಳು. ಬೊನವೆಂಚರ್ ಮೋಹಿನಿಯತ್ತ ಕೈ ಚಾಚಿದ.

"ಖಲಾಸ್. ಕಾರ್ಡ್ ಕೊಡು. ಮಗಳ ಸೀಟೂ ಹೋಯ್ತು ಅಂತ ತಿಳ್ಕೋ."

ಮೋಹಿನಿ ಕೊರಳಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಬಟ್ಟೆ ಹಿಂಡಿದಳು. ಕೆಳಗೆ ಮಧ್ಯಾಹ್ನದ ಬಸ್ಸುಗಳು ಬಂದು ನಿಂತ ಸದ್ದಾಯಿತು. ಒರೆಸಲು ಇನ್ನೂ ಹನ್ನೊಂದು ಕುರ್ಚಿಗಳಿದ್ದವು.